ಘಟ್ಟವಿಳಿಯುವ ಮಕ್ಕಳೂ ಸೆಕೆಯ ಪಾಠವೂ

ಜವಳಗಿರಿಯ ಮುಂಜಾವು ತಂಪಾದುದು. ಸುತ್ತಣ ಕಾಡು, ರಾಗಿಯ ಹೊಲ, ಎತ್ತರದ ನೆಲ ಇವು ಮೂರೂ ಸೇರಿ ನಮ್ಮ ಮಕ್ಕಳಿಗೆ ಕೊಟ್ಟಿರುವ ಭಾಗ್ಯವದು. ನೆರೆಯ ತಳಿಯನ್ನು 'ಪುಟ್ಟ ಇಂಗ್ಲೆಂಡ್' ಎಂದು ಕರೆಯುವುದೂ ಈ ತಂಪಿನಿಂದಲೇ. ಆದರೆ ಕಬಡ್ಡಿಯಲ್ಲೋ ಖೊಖೊದಲ್ಲೋ ಓಟದಲ್ಲೋ ಗೆದ್ದ ಮಕ್ಕಳು ಈ ತಂಪಿನಲ್ಲಿಯೇ ಉಳಿಯುವುದಿಲ್ಲ. ಡೆಂಕಣಿಕೋಟೆ, ಕೆಲಮಂಗಲ, ರಾಯಕೋಟೆಗಳನ್ನು ದಾಟಿ ಕೃಷ್ಣಗಿರಿಗೆ ಇಳಿಯುತ್ತಾರೆ. ಅಲ್ಲಿಯೂ ಗೆದ್ದರೆ ಕಡಲತಡಿಯ ಚೆನ್ನೈವರೆಗೂ ಹೋಗಬೇಕಾದೀತು. ಹಾಗೆ ಇಳಿದು ಹೋಗುವ ಮಗುವಿನ ದೇಹಕ್ಕೆ ಆ ಸೆಕೆ ಹೊಸದು. ಈ ಸಂಗತಿಯನ್ನು ಪೋಷಕರು ಅರಿತಿರುವುದು ಅವಶ್ಯ.

ಹಿಂದಿನವರು ಹೊಸೂರು, ಡೆಂಕಣಿಕೋಟೆಗಳ ಮೇಲ್ನಾಡನ್ನು ಬಾಲಾಘಾಟ್ ಎಂದೂ ಕೃಷ್ಣಗಿರಿಯ ಸೀಮೆಯನ್ನು ಬಾರಾಮಹಲ್ ಎಂದೂ ಕರೆಯುತ್ತಿದ್ದರು. ಮೇಲ್ನಾಡು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಕೃಷ್ಣಗಿರಿಯು ಸುಮಾರು 500 ಮೀಟರ್ ಎತ್ತರದಲ್ಲಿದೆ. ಒಂದು ಕಿಲೋಮೀಟರ್ ಎತ್ತರಕ್ಕೆ ಸರಾಸರಿ ಆರೂವರೆ ಡಿಗ್ರಿಯಷ್ಟು ತಾಪ ಇಳಿಯುವುದೆಂಬ ಲೆಕ್ಕದಂತೆ, ಬಸ್ಸಿನಲ್ಲಿ ಕುಳಿತು ಇಳಿದ ಮಾತ್ರಕ್ಕೇ ಎರಡೂವರೆ ಡಿಗ್ರಿಯಷ್ಟು ಸೆಕೆ ಏರಿರುತ್ತದೆ. ಚೆನ್ನೈಯಲ್ಲಿ ಇದಕ್ಕೆ ಕಡಲಿನ ತೇವವೂ ಕೂಡಿಕೊಳ್ಳುತ್ತದೆ.

ತೇವ ಏಕೆ ಅಪಾಯಕಾರಿ? ಓಡುವಾಗ ಮಾಂಸಖಂಡಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಲನೆಯಾಗುತ್ತದೆ, ಉಳಿದುದೆಲ್ಲವೂ ಶಾಖವೇ. ಆ ಶಾಖವನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ದಾರಿ ಬೆವರು. ಆದರೆ ಬೆವರು ಸುರಿದರೆ ಸಾಲದು, ಅದು ಆರಬೇಕು. ಆರುವಾಗ ಮಾತ್ರ ಶಾಖವನ್ನು ಕೊಂಡೊಯ್ಯುತ್ತದೆ. ಮಳೆಗಾಲದಲ್ಲಿ ತಂತಿಯ ಮೇಲಿನ ಬಟ್ಟೆ ಒಣಗದಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ತೇವದ ಗಾಳಿಯಲ್ಲಿ ಬೆವರಿನ ಗತಿಯೂ ಅದೇ. ಮೈಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಒಳಗಿನ ಶಾಖವು ಒಳಗೇ ಉಳಿದಿರುತ್ತದೆ. ಇದಕ್ಕೆ ಸುಡುಬಿಸಿಲೇ ಬೇಕೆಂದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಕತಾರಿನ ದೋಹಾ ನಗರದಲ್ಲಿ ವಿಶ್ವ ಅಥ್ಲೆಟಿಕ್ಸ್ ಕೂಟದ ಮಹಿಳಾ ಮ್ಯಾರಥಾನ್ ಓಟವನ್ನು ಬಿಸಿಲಿಗೆ ಅಂಜಿ ನಡುರಾತ್ರಿಯ ಹೊತ್ತಿಗೆ ನಡೆಸಲಾಯಿತು. ಆದರೂ ಓಡಲು ನಿಂತ 68 ಮಂದಿಯಲ್ಲಿ 28 ಮಂದಿ ಗುರಿ ಮುಟ್ಟಲಿಲ್ಲ. ಅವರೆಲ್ಲರೂ ತಮ್ಮ ತಮ್ಮ ದೇಶಗಳ ಶ್ರೇಷ್ಠ ಓಟಗಾರ್ತಿಯರು.

ದೇಹವು ಸೆಕೆಯನ್ನು ಕಲಿಯಬಲ್ಲುದು. ಆದರೆ ಕಲಿಯಲು ಕಾಲ ಬೇಕು. ದಿನವೂ ಸ್ವಲ್ಪ ಸ್ವಲ್ಪವಾಗಿ ಸೆಕೆಯಲ್ಲಿ ಆಡಿದರೆ ಒಂದರಿಂದ ಎರಡು ವಾರಗಳಲ್ಲಿ ಬೆವರು ಬೇಗನೆ ಬರತೊಡಗುತ್ತದೆ, ಬೆವರಿನಲ್ಲಿ ಉಪ್ಪಿನ ಅಂಶ ತಗ್ಗುತ್ತದೆ, ಹೃದಯದ ಶ್ರಮ ಕಡಿಮೆಯಾಗುತ್ತದೆ. ಕೆಲವು ವಾರ ಬಿಟ್ಟರೆ ಈ ಕಲಿಕೆ ಮರೆತುಹೋಗುತ್ತದೆ. ಆದುದರಿಂದಲೇ ಮೊದಲ ದಿನಗಳು ಅತ್ಯಂತ ಅಪಾಯದವು. ಅಮೆರಿಕದ ಫುಟ್‌ಬಾಲ್ ಆಟಗಾರ ಕೋರಿ ಸ್ಟ್ರಿಂಗರ್ 2001ರ ಜುಲೈ 31ರಂದು ತರಬೇತಿ ಶಿಬಿರದ ಎರಡನೆಯ ದಿನವೇ ಸೆಕೆಯಿಂದ ಕುಸಿದು, ಮರುದಿನ ತೀರಿಕೊಂಡರು. ಅವರಿಗೆ ಆಗ 27 ವರ್ಷ. ಅವರ ದೇಹದ ತಾಪ 42 ಡಿಗ್ರಿಯನ್ನು ಮೀರಿತ್ತು. ಬಲಿಷ್ಠನಾದವನಿಗೆ ಸೆಕೆ ಏನೂ ಮಾಡದು ಎಂಬ ನಂಬಿಕೆ ಎಷ್ಟು ಸುಳ್ಳೆಂಬುದಕ್ಕೆ ಇದೇ ಸಾಕ್ಷಿ. ಶಾಲೆಯ ತಂಡದಲ್ಲಿ ಎಲ್ಲರಿಗಿಂತ ಹುರುಪಿನ ಮಗುವೇ ದಣಿವನ್ನು ಮರೆಮಾಚಿ ಆಡುವುದರಿಂದ, ಅದರ ಮೇಲೆಯೇ ಹೆಚ್ಚು ಕಣ್ಣಿಡಬೇಕು.

ಬೇಸಗೆಯ ರಜೆ ಮುಗಿದು ಜೂನ್‌ನಲ್ಲಿ ಶಾಲೆ ತೆರೆದಾಗ ಮೊದಲ ವಾರವೇ ಪೂರ್ಣ ಅಭ್ಯಾಸ ಬೇಡ. ಮೊದಲ ದಿನ ಹದಿನೈದು ಇಪ್ಪತ್ತು ನಿಮಿಷಗಳ ಹಗುರವಾದ ಆಟ ಸಾಕು. ದಿನದಿನಕ್ಕೆ ಸ್ವಲ್ಪ ಹೆಚ್ಚಿಸುತ್ತ ಎರಡನೆಯ ವಾರದಲ್ಲಿ ಪೂರ್ಣ ಅಭ್ಯಾಸಕ್ಕೆ ಬರಬಹುದು. ಪಂದ್ಯಕ್ಕೆಂದು ಕೆಳಗಿಳಿದಾಗ ಮೈ ಬಿಸಿಮಾಡುವ ಓಟವನ್ನು ನೆರಳಿನಲ್ಲಿ ಚಿಕ್ಕದಾಗಿಯೇ ಮುಗಿಸಬೇಕು. ಆಟದ ನಡುವೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಸಣ್ಣ ಲೋಟ ನೀರು ಕೊಡಬೇಕು. ದೀರ್ಘಕಾಲ ಆಡುವುದಾದರೆ ಉಪ್ಪು ಬೆರೆಸಿದ ಮಜ್ಜಿಗೆ, ತೆಳುವಾದ ರಾಗಿ ಅಂಬಲಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಉತ್ತಮ. ಬರಿಯ ನೀರನ್ನೇ ಅತಿಯಾಗಿ ಕುಡಿಸುವುದೂ ಸರಿಯಲ್ಲ. ರಕ್ತದಲ್ಲಿ ಉಪ್ಪಿನ ಪ್ರಮಾಣ ಕುಸಿಯುವ ಭಯವಿದೆ. ಜ್ವರವೋ ಭೇದಿಯೋ ಬಂದು ಈಗಷ್ಟೇ ಚೇತರಿಸಿಕೊಂಡ ಮಗುವನ್ನು ಆಟಕ್ಕೆ ಇಳಿಸಬಾರದು.

ಸೆಕೆಯ ದಿನಗಳಲ್ಲಿ ನಸುಕಿನಲ್ಲಿಯೇ ಓಡಿರೆಂಬುದು ಎಲ್ಲೆಡೆಯೂ ಕೇಳಿಬರುವ ಸಲಹೆ. ಜವಳಗಿರಿಯಲ್ಲಿ ಈ ಸಲಹೆಯನ್ನು ಹಾಗೆಯೇ ಪಾಲಿಸಲಾಗದು. ಕಾಡಂಚಿನ ದಾರಿಯಲ್ಲಿ ಮಬ್ಬುಗತ್ತಲೆಯ ಹೊತ್ತು ಆನೆಗಳದು. ರಾಗಿ ತೆನೆಗಟ್ಟುವ ತಿಂಗಳುಗಳಲ್ಲಂತೂ ಬನ್ನೇರುಘಟ್ಟದ ಕಡೆಯಿಂದ ಹಿಂಡುಗಳೇ ಇತ್ತ ಬರುವುದನ್ನು ನಾವು ಬಲ್ಲೆವು. ಆದ್ದರಿಂದ ಚೆನ್ನಾಗಿ ಬೆಳಕು ಹರಿದ ಮೇಲೆ, ಬಿಸಿಲು ಏರುವ ಮುನ್ನ, ಊರೊಳಗಿನ ಶಾಲಾ ಮೈದಾನದಲ್ಲಿ, ಹಿರಿಯರೊಬ್ಬರ ಸಮ್ಮುಖದಲ್ಲಿ ಅಭ್ಯಾಸ ನಡೆಯಲಿ.

ಸೆಕೆಯ ಬಾಧೆ ಮುನ್ಸೂಚನೆ ಕೊಟ್ಟು ಬರುವುದು ಹೆಚ್ಚು. ಸ್ನಾಯು ಸೆಳೆತ, ತಲೆನೋವು, ಓಕರಿಕೆ, ತಲೆಸುತ್ತು ಕಂಡರೆ ಆಟ ನಿಲ್ಲಿಸಿ ನೆರಳಿಗೆ ತರಬೇಕು. ಮಗು ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ, ತೂರಾಡಿದರೆ, ಎಚ್ಚರ ತಪ್ಪಿದರೆ ಅದು ಪ್ರಾಣಾಪಾಯದ ಗಳಿಗೆ. ಮೈ ಬೆವರುತ್ತಿದೆಯಲ್ಲ ಎಂದು ನೆಮ್ಮದಿಗೊಳ್ಳಬೇಡಿ. ಆಟದಿಂದ ಬರುವ ಉಷ್ಣಾಘಾತದಲ್ಲಿ ಬೆವರು ಇದ್ದೇ ಇರಬಹುದು. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಆ ಕ್ಷಣವೇ ತಣಿಸಲು ತೊಡಗಲಿ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು ಎಂಬುದೇ ವೈದ್ಯರು ಒಪ್ಪಿರುವ ಕ್ರಮ. ತಣ್ಣೀರಿನ ತೊಟ್ಟಿಯಿದ್ದರೆ ತಲೆಯನ್ನು ಮೇಲೆತ್ತಿ ಹಿಡಿದು ಕುತ್ತಿಗೆಯವರೆಗೂ ಮುಳುಗಿಸಿ ಕೂರಿಸಬೇಕು. ಇಲ್ಲವಾದರೆ ಬಿಂದಿಗೆ ಬಿಂದಿಗೆಯಾಗಿ ನೀರು ಸುರಿದು ಬಿಡದೆ ಗಾಳಿ ಬೀಸಬೇಕು. ಅರ್ಧ ಗಂಟೆಯೊಳಗೆ ತಾಪ ಇಳಿದರೆ ಮಗು ಉಳಿಯುವ ಭರವಸೆ ಬಹಳ. ಎಚ್ಚರವಿಲ್ಲದವರ ಬಾಯಿಗೆ ನೀರು ಹನಿಸಬಾರದು. ಜ್ವರದ ಮಾತ್ರೆಯಿಂದ ಈ ತಾಪ ಇಳಿಯದು.

ಮುಂದಿನ ಪಂದ್ಯಕ್ಕೆ ಮಗುವನ್ನು ಕಳುಹಿಸುವ ಮುನ್ನ ಪೋಷಕರು ಶಿಕ್ಷಕರೊಡನೆ ಮೂರು ಮಾತು ಕೇಳಿಕೊಳ್ಳಲಿ: ಸೆಕೆಯಲ್ಲಿ ಎಷ್ಟು ದಿನಗಳ ಅಭ್ಯಾಸವಾಗಿದೆ? ಮೈದಾನದಲ್ಲಿ ನೆರಳೂ ನೀರೂ ಇವೆಯೆ? ಯಾರಾದರೂ ಕುಸಿದರೆ ತಣಿಸಲು ತೊಟ್ಟಿಯೋ ಬಿಂದಿಗೆಗಳೋ ಸಿದ್ಧವಿವೆಯೆ? ಹಾಗೆಯೇ ಮಗುವಿಗೆ ಮನೆಯಲ್ಲಿಯೇ ಒಂದು ಮಾತು ಹೇಳಿ ಕಳುಹಿಸಲಿ: 'ತಲೆ ಸುತ್ತಿದರೆ ನಿಲ್ಲು, ನಿಂತರೆ ಅವಮಾನವಿಲ್ಲ.' ಪದಕ ಮುಂದಿನ ವರ್ಷವೂ ದೊರೆತೀತು.