ಕಂಬಳದ ಓಟಗಾರ ಬೋಲ್ಟ್‌ನನ್ನು ಮೀರಿಸಿದರೇ? ನಂಬಿಕೆ ಮತ್ತು ವಾಸ್ತವ

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ, ಅಂದರೆ ಕೆಸರಿನಲ್ಲಿ ನಡೆಯುವ ಕೋಣಗಳ ಓಟದಲ್ಲಿ, ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅದನ್ನು ನೂರು ಮೀಟರಿಗೆ ಇಳಿಸಿದಾಗ ಬಂದದ್ದು 9.55. ಉಸೇನ್ ಬೋಲ್ಟ್ ದಾಖಲೆ 9.58. ಅಷ್ಟು ಸಾಕಾಯಿತು, ಊರಿನ ಹೆಸರು ದೇಶವಿಡೀ ಹಬ್ಬಿತು. ಜೊತೆಗೆ ಕೆಲವು ತಪ್ಪು ತಿಳಿವಳಿಕೆಗಳೂ ಹಬ್ಬಿದವು.

ನಂಬಿಕೆ: ಬೋಲ್ಟ್ ದಾಖಲೆ ಮುರಿಯಿತು.
ವಾಸ್ತವ: ಭಾಗಾಕಾರ ಸರಿ, ಹೋಲಿಕೆ ತಪ್ಪು. 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ 9.58ರೊಳಗೆ ನಿಂತಲ್ಲಿಂದ ವೇಗ ಏರಿಸಿಕೊಳ್ಳುವ ಹೊತ್ತೂ ಸೇರಿದೆ. ದೂರ ಸ್ವಲ್ಪ ಹೆಚ್ಚಿದರೆ ಆ ನಿಧಾನ ಇಡೀ ಓಟಕ್ಕೆ ಹಂಚಿಹೋಗುತ್ತದೆ. ಅದೇ ವರ್ಷ ಮ್ಯಾಂಚೆಸ್ಟರ್‌ನಲ್ಲಿ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದಾಗ ಕೊನೆಯ ನೂರು ಮೀಟರಿಗೆ ಹಿಡಿದದ್ದು 8.70 ಸೆಕೆಂಡು ಮಾತ್ರ.

ನಂಬಿಕೆ: ಆ ವೇಗ ಪೂರ್ತಿ ಓಟಗಾರನದೇ.
ವಾಸ್ತವ: ಓಟ ಶುರುವಾಗುವ ಗಂತಿನಲ್ಲಿ ಕೋಣ ಬಿಟ್ಟಲ್ಲಿಂದ ಓಟ ಮುಗಿಯುವ ಮಂಜೊಟ್ಟಿ ಹತ್ತುವ ತನಕ ಓಟಗಾರನ ಕೈ ಖಾಲಿ ಇರುವುದಿಲ್ಲ. ಹಗ್ಗದ ವಿಭಾಗದಲ್ಲಿ ಹಗ್ಗ, ನೇಗಿಲಿನದರಲ್ಲಿ ನೇಗಿಲು. ಕೋಣಗಳು ಮುಂದಕ್ಕೆ ಎಳೆಯುತ್ತವೆ, ಕೆಸರುನೀರು ಕಾಲನ್ನು ಹಿಂದಕ್ಕೆ ಹಿಡಿಯುತ್ತದೆ. ನಡುವೆ ಎಡವದೆ, ಜೋಡಿಯ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಎರಡನ್ನೂ ಒಂದೇ ನೇರಕ್ಕೆ ಓಡಿಸುವುದು ಬೇರೆಯದೇ ವಿದ್ಯೆ. ಗೆಲುವಿನ ಪಾಲು ಕೋಣಗಳಿಗೂ ಸೇರಬೇಕೆಂದು ಶ್ರೀನಿವಾಸ ಗೌಡರೇ ಹೇಳಿದ್ದರು.

ನಂಬಿಕೆ: ಅವರಷ್ಟು ವೇಗದವರು ಮತ್ತೊಬ್ಬರಿಲ್ಲ.
ವಾಸ್ತವ: ವೇಣೂರು ಕಂಬಳದಲ್ಲಿ ಎರಡೇ ವಾರಕ್ಕೆ ಉತ್ತರ ಸಿಕ್ಕಿತು. ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಕರೆ ಅರ್ಧ ಮೀಟರ್ ಉದ್ದ, ಸಮಯ ಕೂದಲೆಳೆಯಷ್ಟು ಕಡಿಮೆ. ನೂರು ಮೀಟರಿಗೆ 9.51. ಆದರೆ ಕರಾವಳಿಯ ಆಚೆ ಇಂದಿಗೂ ಜನ ಹೇಳುವುದು ಮೊದಲನೆಯ ಹೆಸರನ್ನೇ. ಬೋಲ್ಟ್ ಹೋಲಿಕೆ ಅಷ್ಟರಲ್ಲಾಗಲೇ ಒಬ್ಬರಿಗೆ ಅಂಟಿಕೊಂಡಿತ್ತು. ಕಂಬಳದಲ್ಲಿ ಖ್ಯಾತಿಯ ಪಟ್ಟಿ ಬೇರೆ, ಸಮಯದ ಪಟ್ಟಿ ಬೇರೆ.

ನಂಬಿಕೆ: ಸರ್ಕಾರ ಶ್ರೀನಿವಾಸ ಗೌಡರನ್ನು ಕಡೆಗಣಿಸಿತು.
ವಾಸ್ತವ: ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆಸಿದ್ದರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ 3 ಲಕ್ಷ ರೂಪಾಯಿ ಕೊಟ್ಟರು. ಪರೀಕ್ಷೆ ಬೇಡ ಎಂದವರು ಶ್ರೀನಿವಾಸ ಗೌಡರೇ: ಕಂಬಳದಲ್ಲಿ ಹಿಮ್ಮಡಿ ಊರಿ ಓಡುವುದು, ಟ್ರ್ಯಾಕ್‌ನಲ್ಲಿ ಕಾಲ್ಬೆರಳ ಮೇಲೆ, ತಮ್ಮ ಗಮನ ಕಂಬಳದ ಮೇಲೆಯೇ ಎಂದರು.

ಮುಂದಿನ ಹಂಗಾಮಿನಲ್ಲಿ ‘ನೂರು ಮೀಟರ್’ ದಾಖಲೆಯ ಸುದ್ದಿ ಬಂದರೆ ಮೂರು ಪ್ರಶ್ನೆ ಕೇಳಿ: ಕರೆ ಎಷ್ಟು ಉದ್ದ? ಯಾವ ವಿಭಾಗ? ಕೋಣ ಯಾರದು? ಓಟಗಾರನ ಹೆಸರಿನಷ್ಟೇ ಇವೂ ಮುಖ್ಯ.