ಒಳಗಿವಿಯ ಅಳತೆ ಮತ್ತು ಪ್ರಾಗಿತಿಹಾಸದ ಸಾಕ್ಷ್ಯ

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದಲ್ಲಿ, ಆರ್ಸಿ-ಸುರ್-ಕ್ಯೂರ್ ಎಂಬ ಗ್ರಾಮದ ಬಳಿ, ಹಿಮಸಾರಂಗದ ಹೆಸರನ್ನು ಹೊತ್ತ ಗುಹೆಯೊಂದಿದೆ. 1949ರಿಂದ 1963ರವರೆಗೆ ಆಂದ್ರೆ ಲೆರುವಾ-ಗೂರಾನ್ ಅವರು ಅಲ್ಲಿ ಉತ್ಖನನ ನಡೆಸಿದಾಗ, ಶಾತೆಲ್‌ಪೆರೋನಿಯನ್ ಎಂದು ಕರೆಯಲಾಗುವ ಸಂಸ್ಕೃತಿಯ ಸ್ತರಗಳಲ್ಲಿ ಕಲ್ಲಿನ ಅಲಗುಗಳೊಡನೆ ಮೂಳೆಯ ಉಪಕರಣಗಳೂ ರಂಧ್ರ ಕೊರೆದ ಪ್ರಾಣಿಗಳ ಹಲ್ಲುಗಳೂ ದೊರೆತವು. ನಲವತ್ತು ಸಾವಿರ ವರ್ಷಗಳಷ್ಟು ಹಳೆಯದಾದ ಈ ಒಡವೆಗಳನ್ನು ಧರಿಸಿದವರು ಯಾರು? ನಮ್ಮ ಕುಲದ ಮಾನವರೇ, ಅಥವಾ ಅಲಂಕಾರಪ್ರಜ್ಞೆ ಇಲ್ಲದವರೆಂದು ಬಹುಕಾಲ ಭಾವಿಸಲಾಗಿದ್ದ ನಿಯಾಂಡರ್ತಲರೇ? ಅದೇ ಸ್ತರಗಳಲ್ಲಿ ಸಿಕ್ಕ, ಸುಮಾರು ಒಂದು ವರ್ಷದ ಶಿಶುವಿನ ಕಣತಲೆಯ ಮೂಳೆಯೊಂದು ಈ ಪ್ರಶ್ನೆಗೆ ಉತ್ತರ ನೀಡಬಹುದಾಗಿತ್ತು. ಆದರೆ ಹೊರಲಕ್ಷಣಗಳಿಂದ ಅದರ ಕುಲವನ್ನು ನಿರ್ಣಯಿಸುವುದು ದುಸ್ಸಾಧ್ಯವಾಗಿತ್ತು. ಸಾಕ್ಷ್ಯವು ಮೂಳೆಯ ಒಳಗಿತ್ತು.

ಕಣತಲೆಯ ಮೂಳೆಯ ಅತ್ಯಂತ ಗಟ್ಟಿಯಾದ ಭಾಗದಲ್ಲಿ ಒಳಗಿವಿಯು ಅಡಗಿದೆ. ಶಬ್ದವನ್ನು ಗ್ರಹಿಸುವ ಶಂಖಾಕಾರದ ಸುರುಳಿಯೂ, ತಲೆಯ ಚಲನೆಯನ್ನು ಅರಿತು ದೇಹದ ಸಮತೋಲವನ್ನು ಕಾಯುವ ಮೂರು ಅರ್ಧವೃತ್ತಾಕಾರದ ನಾಳಗಳೂ ಅಲ್ಲಿವೆ. ಈ ರಚನೆಯ ಒಂದು ಗುಣ ಇತಿಹಾಸಕಾರರಿಗೆ ಬಹಳ ಉಪಯುಕ್ತವಾದುದು: ಶಿಶುವು ಗರ್ಭದಲ್ಲಿರುವಾಗಲೇ ಇದು ವಯಸ್ಕರ ಪ್ರಮಾಣವನ್ನು ಮುಟ್ಟುತ್ತದೆ, ಆಮೇಲೆ ಬೆಳೆಯುವುದಿಲ್ಲ. ಆದಕಾರಣ ಹಸುಗೂಸಿನ ಒಳಗಿವಿಯನ್ನು ಪ್ರೌಢರ ಒಳಗಿವಿಯೊಡನೆ ನೇರವಾಗಿ ಹೋಲಿಸಬಹುದು.

ಮೂಳೆಯನ್ನು ಕತ್ತರಿಸದೆ ಇದನ್ನು ಕಾಣುವ ಮಾರ್ಗ ಸಿ.ಟಿ. ಚಿತ್ರಣದಿಂದ ದೊರೆಯಿತು. ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರು ರೂಪಿಸಿದ ಯಂತ್ರದಿಂದ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಲಾಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಅನೇಕ ಕೋನಗಳಿಂದ ಹಾಯಿಸಿದ ಕ್ಷ-ಕಿರಣಗಳು ಎಷ್ಟೆಷ್ಟು ಕುಂದಿದವೆಂಬುದನ್ನು ಅಳೆದು, ಗಣಕಯಂತ್ರವು ವಸ್ತುವಿನ ಒಂದೊಂದು ತೆಳುವಾದ ಛೇದವನ್ನು ಚಿತ್ರವಾಗಿ ಕಟ್ಟಿಕೊಡುತ್ತದೆ.

ಅಳತೆಯ ಕ್ರಮವು ಸ್ವಲ್ಪ ವಿವರಣೆಯನ್ನು ಬಯಸುತ್ತದೆ. ನಾಳದ ಪೊಳ್ಳು ಮುಗಿದು ಮೂಳೆ ಆರಂಭವಾಗುವ ಸ್ಥಳ ಚಿತ್ರದಲ್ಲಿ ಗೆರೆ ಎಳೆದಂತೆ ಕಾಣುವುದಿಲ್ಲ. ಛಾಯೆಯು ಬಿಳುಪಿನಿಂದ ಕಪ್ಪಿಗೆ ಕ್ರಮವಾಗಿ ಇಳಿಯುತ್ತದೆ. ಮೂಳೆಯ ಮೌಲ್ಯಕ್ಕೂ ಪೊಳ್ಳಿನ ಮೌಲ್ಯಕ್ಕೂ ನಡುವಣ ಬಿಂದುವನ್ನೇ ಗಡಿಯೆಂದು ಹಿಡಿಯುವುದು ರೂಢಿ. ಬಳಿಕ ನಾಳವು ರಚಿಸುವ ಬಾಗಿನ ಎತ್ತರ ಮತ್ತು ಅಗಲಗಳ ಸರಾಸರಿಯ ಅರ್ಧವನ್ನು ತ್ರಿಜ್ಯವೆಂದು ಗಣಿಸುತ್ತಾರೆ. ನಮ್ಮಲ್ಲಿ ಇದು ಸುಮಾರು 3 ಮಿಲಿಮೀಟರು ಮಾತ್ರ. ಛೇದವು 1 ಮಿಲಿಮೀಟರು ದಪ್ಪವಾಗಿದ್ದರೆ ಅಷ್ಟೇ ಕಿರಿದಾದ ನಾಳದ ಅಂಚು ಸುತ್ತಣ ಮೂಳೆಯೊಡನೆ ಬೆರೆತು ಮಸುಕಾಗುವುದು ಸಹಜ. ಪಳೆಯುಳಿಕೆಗಳಲ್ಲಂತೂ ನಾಳದೊಳಗೆ ಮಣ್ಣು, ಖನಿಜಗಳು ತುಂಬಿಕೊಂಡು ಗಡಿಯನ್ನು ಮರೆಸಬಹುದು. ಸವೆದ ಶಾಸನದಲ್ಲಿ ಅಕ್ಷರದ ಗೆರೆ ಯಾವುದು, ಕಲ್ಲಿನ ಬಿರುಕು ಯಾವುದು ಎಂದು ನಿಶ್ಚಯಿಸುವ ಕಷ್ಟವನ್ನು ಬಲ್ಲವರಿಗೆ ಈ ತೊಡಕು ಅಪರಿಚಿತವಲ್ಲ.

ನಿಯಾಂಡರ್ತಲರಲ್ಲಿ ಮುಂದಣ ಮತ್ತು ಹಿಂದಣ ನಾಳಗಳು ನಮ್ಮವಕ್ಕಿಂತ ಚಿಕ್ಕವು; ಹಿಂದಣ ನಾಳವು ಕೆಳಗೆ ಸರಿದಿದೆ. ಅಡ್ಡನಾಳದ ಮಟ್ಟವನ್ನು ಗೆರೆಯಾಗಿ ಮುಂದುವರಿಸಿದರೆ, ನಮ್ಮಲ್ಲಿ ಹಿಂದಣ ನಾಳದ ಹೆಚ್ಚುಕಡಮೆ ಅರ್ಧ ಭಾಗ ಆ ಗೆರೆಯ ಕೆಳಗಿರುತ್ತದೆ. ಅವರಲ್ಲಿ ಅರ್ಧಕ್ಕಿಂತ ಗಣನೀಯವಾಗಿ ಹೆಚ್ಚು. ಆರ್ಸಿಯ ಶಿಶುವಿನ ಮೂಳೆಯನ್ನು ಹೀಗೆ ಅಳೆದ ಜಾನ್-ಜಾಕ್ ಹ್ಯೂಬ್ಲಾನ್, ಫ್ರೆಡ್ ಸ್ಪೋರ್ ಮತ್ತು ಅವರ ಸಹೋದ್ಯೋಗಿಗಳು, ಅದು ನಿಯಾಂಡರ್ತಲ್ ಶಿಶುವೇ ಎಂದು 1996ರಲ್ಲಿ ಪ್ರಕಟಿಸಿದರು. ಒಡವೆಗಳ ಸ್ತರದಲ್ಲಿ ನಿಯಾಂಡರ್ತಲರಿದ್ದರೆಂಬ ವಾದಕ್ಕೆ ಮಿಲಿಮೀಟರುಗಳ ಈ ಅಂತರವು ದೃಢವಾದ ಆಧಾರವಾಯಿತು.

ಆದಾಗ್ಯೂ ಒಂದೇ ಸಾಕ್ಷಿಯ ಮಾತಿನಿಂದ ತೀರ್ಪು ಕೊಡುವುದು ಉಚಿತವಲ್ಲ. ಉತ್ತರ ಚೀನದ ಶೂಜಿಯಾಯಾವ್ ನೆಲೆಯ ತಲೆಬುರುಡೆಯೊಂದರ ಒಳಗಿವಿಯೂ ನಿಯಾಂಡರ್ತಲ್ ಮಾದರಿಯದೆಂದು 2014ರಲ್ಲಿ ತಿಳಿದುಬಂದಿತು. ಆದರೆ ಅಲ್ಲಿಯ ಮಾನವಾವಶೇಷಗಳ ಇತರ ಲಕ್ಷಣಗಳು ಆ ಕುಲವನ್ನು ಸೂಚಿಸುವುದಿಲ್ಲ. ಆರ್ಸಿಯ ಗುಹೆಯಲ್ಲೇ 2016ರಲ್ಲಿ ಮೂಳೆಯ ಚೂರುಗಳ ಪ್ರೋಟೀನು ಪರೀಕ್ಷೆಯು ನಿಯಾಂಡರ್ತಲರ ಇರವನ್ನು ಸಮರ್ಥಿಸಿತು. 2023ರಲ್ಲಾದರೋ ನವಜಾತ ಶಿಶುವಿನ ಸೊಂಟದ ಮೂಳೆಯೊಂದು ಆಧುನಿಕ ಮಾನವರ ಕಡೆಗೆ ಬೆರಳು ತೋರಿತು. ಇಬ್ಬರೂ ಅಲ್ಲಿದ್ದರೆ ಒಡವೆ ಯಾರ ಕೈಯದೆಂಬ ಪ್ರಶ್ನೆ ಮತ್ತೆ ತೆರೆದುಕೊಳ್ಳುತ್ತದೆ.

ಅಳತೆಯು ಮೂಳೆ ಯಾರದೆಂಬುದಕ್ಕೆ ಸಾಕ್ಷ್ಯ ನುಡಿಯಬಲ್ಲದು. ಅದರ ಪಕ್ಕದಲ್ಲಿ ಬಿದ್ದ ಒಡವೆ ಯಾರದೆಂಬುದನ್ನು ತಾನಾಗಿಯೇ ಹೇಳಲಾರದು. ಆ ಎರಡನೆಯ ನಿರ್ಣಯಕ್ಕೆ ಸ್ತರಗಳ ಶೋಧನೆ, ಕಾಲಗಣನೆ, ಸಾಕ್ಷ್ಯಗಳ ತುಲನೆ ಇವೆಲ್ಲವೂ ಬೇಕು. ಯಂತ್ರವು ಒದಗಿಸಿದ ಅಂಕಿಗಳನ್ನು ಗೌರವದಿಂದ ಸ್ವೀಕರಿಸಿ, ಉಳಿದ ಆಧಾರಗಳೊಡನೆ ಸಮನಾಗಿ ತೂಗುವುದನ್ನು ನಮ್ಮ ವಿದ್ಯಾರ್ಥಿಗಳು ಅಭ್ಯಾಸ ಮಾಡಬೇಕೆಂಬುದು ನಮ್ಮ ಅಭಿಪ್ರಾಯ.