ಹೊನ್ನಾಳಿಯ ಹೊಳೆಯಿಂದ ಮಂಗಳೂರಿನ ಕಡಲಿಗೆ

ಅಡಿಕೆ ಕೊಯ್ಲು ಮುಗಿದು, ಮಾರ್ಚ್ ಅಂತ್ಯದ ಲೆಕ್ಕಪತ್ರಗಳ ಗಡಿಬಿಡಿ ಆರಂಭವಾಗುವ ಮುನ್ನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರಿನ ವರ್ತಕ ಬಾಂಧವರಿಗೆ ಮೂರು ದಿನಗಳ ಬಿಡುವು ದೊರೆತರೆ, ಅದಕ್ಕೆ ತಕ್ಕುದಾದ ಪ್ರವಾಸ ಮಂಗಳೂರಿನದು. ಅಲ್ಲಿ ಕಾಣಸಿಗುವುದು ಕಡಲು ಮಾತ್ರವಲ್ಲ, ತಮ್ಮದೇ ಕಸುಬಿನ ಏಳುಬೀಳುಗಳ ಚರಿತ್ರೆ.

ಶಿವಮೊಗ್ಗ, ತೀರ್ಥಹಳ್ಳಿಗಳ ಮೇಲೆ ಸಾಗುವ ದಾರಿ ಹೊಳೆಯ ಜಾಡು ಹಿಡಿದೇ ಏರುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆ, ಶಿವಮೊಗ್ಗದಿಂದಾಚೆಗೆ ತುಂಗೆ. ಆಗುಂಬೆಯಲ್ಲಿ ನೆಲ ಥಟ್ಟನೆ ಇಳಿದು, ಅತ್ತ ಸೀತಾನದಿ ಪಡುವಣ ಕಡಲಿಗೆ ಹರಿಯುತ್ತದೆ. ಘಾಟಿಯ ಬುಡದಲ್ಲಿರುವ ಸೋಮೇಶ್ವರ ವನ್ಯಜೀವಿಧಾಮ ಸಿಂಗಳೀಕಗಳ ನೆಲೆ. ಆಗುಂಬೆಯ ಕಾಡು ಕಾಳಿಂಗ ಸರ್ಪಕ್ಕೆ ಹೆಸರಾದುದು. ರಂಗಯ್ಯನದುರ್ಗದ ಕುರುಚಲು ಕಾಡು, ಅಲ್ಲಿನ ಕೊಂಡುಕುರಿಗಳನ್ನು ಬಲ್ಲ ಜಗಳೂರಿನವರಿಗೆ ಈ ಮಳೆಕಾಡು ಬೇರೆಯೇ ಲೋಕ. ಸೂರ್ಯಾಸ್ತ ನೋಡುವವರು ಆಗುಂಬೆಯಲ್ಲೇ ತಂಗಿ, ಬೆಳಗ್ಗೆ ಘಾಟಿ ಇಳಿಯುವುದು ಲೇಸು.

ಮಂಗಳೂರು ಹಳೆಯ ಪೇಟೆ. ಪರ್ಷಿಯಾ ಮತ್ತು ಯೆಮನ್ ವರ್ತಕರು ಇಲ್ಲಿ ಬಂದಿಳಿಯುತ್ತಿದ್ದುದನ್ನೂ, ಮೆಣಸು, ಶುಂಠಿಗಳ ಸಮೃದ್ಧಿಯನ್ನೂ 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ದಾಖಲಿಸಿದ್ದಾನೆ. ಕದ್ರಿ ದೇವಾಲಯದಲ್ಲಿ ಕ್ರಿ.ಶ. 968ರ ಕಂಚಿನ ಲೋಕೇಶ್ವರ ವಿಗ್ರಹವಿದೆ. ಟಿಪ್ಪುವಿನ ಕಾಲದ ಸುಲ್ತಾನ್ ಬತ್ತೇರಿ, ಸಂತ ಅಲೋಶಿಯಸ್ ಚಾಪೆಲಿನ ವರ್ಣಚಿತ್ರಗಳೂ ನೋಡತಕ್ಕವು.

ಸಣ್ಣ ಉದ್ದಿಮೆದಾರರು ವಿಶೇಷವಾಗಿ ಗಮನಿಸಬೇಕಾದುದು ಹೆಂಚಿನ ಕಥೆ. 1865ರಲ್ಲಿ ಬಾಸೆಲ್ ಮಿಷನ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಹೊಳೆಯ ಜೇಡಿಮಣ್ಣೇ ಕಚ್ಚಾ ಮಾಲು. ಮಂಗಳೂರು ಹೆಂಚು ಊರೂರಿನ ಮನೆಗಳ ಮೇಲೇರಿದ್ದಲ್ಲದೆ ಹೊರದೇಶಗಳಿಗೂ ಹೋಯಿತು. ಕಾಂಕ್ರೀಟ್ ತಾರಸಿ ಬಂದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಸರಕು ಕೆಟ್ಟದ್ದಾಗಿರಲಿಲ್ಲ, ಗಿರಾಕಿಯ ಅಗತ್ಯ ಬದಲಾಗಿತ್ತು.

ಅಡಿಕೆಯ ಕಥೆ ಬೇರೆ. ಚನ್ನಗಿರಿಯದು ಬೇಯಿಸಿದ ಕೆಂಪಡಿಕೆ, ಕರಾವಳಿಯದು ಬಿಸಿಲಿಗೊಣಗಿದ ಚಾಲಿ. ಬೆಲೆ ಕುಸಿತದ ಭಯ ಮಾತ್ರ ಎರಡಕ್ಕೂ ಒಂದೇ. 1970ರ ದಶಕದ ಆರಂಭದಲ್ಲಿ ದರ ಕುಸಿದಾಗ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿತು. ಮುಂದೆ ತೋಟದ ಉಪಬೆಳೆಯಾದ ಕೋಕೋಗೂ ಬೆಲೆ ಇಲ್ಲದಾದಾಗ, ಅದೇ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿತು. ಒಂದು ಕಡೆ ಬದಲಾಗದೆ ಮುಚ್ಚಿದ ಬಾಗಿಲು, ಇನ್ನೊಂದು ಕಡೆ ಸಂಕಟದಲ್ಲೇ ತೆರೆದ ಬಾಗಿಲು: ಎರಡನ್ನೂ ಒಂದೇ ಪ್ರವಾಸದಲ್ಲಿ ಕಾಣಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. ಕುಟುಂಬ ಸಮೇತ ಹೋದ ಪ್ರವಾಸದ ವೆಚ್ಚವನ್ನು ಅಂಗಡಿಯ ಖರ್ಚಿಗೆ ಸೇರಿಸಬಾರದು. ಮಾಲೀಕರ ಡ್ರಾಯಿಂಗ್ಸ್ ಖಾತೆಗೇ ಬರೆಯತಕ್ಕದ್ದು. ಅಲ್ಲಿ ಕಲಿತು ಬಂದ ಪಾಠಕ್ಕೆ ಮಾತ್ರ ಯಾವ ಖಾತೆಯೂ ಬೇಕಿಲ್ಲ; ಅದರ ಲಾಭ ವ್ಯವಹಾರಕ್ಕೇ ಸಲ್ಲುತ್ತದೆ.